ಅಟೊರ್ವಾಸ್ಟಾಟಿನ್ ಮಾತ್ರೆ ಮತ್ತು ತೊಡೆ ನೋವು

ಪ್ರಶ್ನೆ (ಶಿರಾ, ತುಮಕೂರು ಜಿಲ್ಲೆ): ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ 40 ಮಿ.ಗ್ರಾಂ. ಆರಂಭಿಸಿದ ಮೇಲೆ ನಮ್ಮ ತಂದೆಯವರಿಗೆ ಎರಡೂ ತೊಡೆಗಳಲ್ಲಿ ನೋವು ಕಾಣಿಸಿಕೊಂಡಿದ್ದು, ಕಡಲೆಕಾಯಿ ಬಿಡಿಸಲು ನೆಲದಲ್ಲಿ ಕುಳಿತರೆ ಕೈಯೂರದೆ ಏಳಲಾಗುತ್ತಿಲ್ಲ. ಮಾತ್ರೆ ನಿಲ್ಲಿಸಬಹುದೇ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ, ಅವರಿಗೆ ಸ್ಟೆಂಟ್ ಹಾಕಿದ್ದರಂತೂ ಖಂಡಿತ ಬೇಡ. ಎರಡೂ ಕಡೆ ನೋವಿದ್ದು ಏಳಲು ಕಷ್ಟವಾಗುವುದು ಸ್ನಾಯುಗಳ ಮೇಲೆ ಮಾತ್ರೆಯಿಂದಾದ ಪರಿಣಾಮವಿರಬಹುದಾದ್ದರಿಂದ, ತಡಮಾಡದೆ ವೈದ್ಯರನ್ನು ಕಂಡು ರಕ್ತದಲ್ಲಿ ಸಿ.ಕೆ. (ಸ್ನಾಯುಗಳಿಗೆ ಹಾನಿಯಾದಾಗ ಏರುವ ಕಿಣ್ವ) ಪ್ರಮಾಣವನ್ನೂ ಥೈರಾಯ್ಡನ್ನೂ ಪರೀಕ್ಷಿಸುವ ಬಗ್ಗೆ ಕೇಳಿ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಉತ್ತರ (ಚಿಂತಾಮಣಿ): ಈಚೆಗೆ ಕೆಮ್ಮಿಗೆಂದು ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟಿದ್ದರೇ? ಅದು ಯಕೃತ್ತಿನಲ್ಲಿ ಅಟೊರ್ವಾಸ್ಟಾಟಿನ್ ವಿಭಜನೆಯಾಗುವುದನ್ನು ತಡೆದು ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತದೆ. ಔಷಧ ಅಂಗಡಿಯಲ್ಲಿ ಇದನ್ನೆಲ್ಲ ವಿಚಾರಿಸುವವರು ಕಡಿಮೆ. ಹಳೆಯ ಚೀಟಿಗಳನ್ನೂ ಒಯ್ಯಿರಿ.

ಉತ್ತರ: ನನಗೂ ನೋವಿತ್ತು; ವೈದ್ಯರು ಅದೇ ಗುಂಪಿನ ಇನ್ನೊಂದು ಮಾತ್ರೆ ರೋಸುವಾಸ್ಟಾಟಿನ್ 5 ಮಿ.ಗ್ರಾಂ.ಗೆ ಬದಲಿಸಿದ ಮೇಲೆ ಇಳಿಯಿತು.