ಪದಚರ್ಚೆ: ‘ಬುಲ್‌ಪೆನ್’ಗೆ ‘ಚೌಕಿ’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಸಿಗದೆ ಎರಡು ವಾರದಿಂದ ನನ್ನ ಬರಹ ನಿಂತುಬಿಟ್ಟಿದೆ. ನಾನಿರುವುದು ಸಿಯಾಟಲ್‌ನಲ್ಲಿ. ಇಲ್ಲಿನ ಕನ್ನಡದವರ ಸಂಚಿಕೆಗೆ ಬೇಸ್‌ಬಾಲ್ ಬಗ್ಗೆ ಬರೆಯುತ್ತಿದ್ದೇನೆ. ಕಪ್ ಗೆಲ್ಲುವ ಆಸೆ ಇರುವ ತಂಡ ಪ್ಲೇಆಫ್‌ಗೆ ಮುಂಚೆ ತನ್ನ ಪಿಚಿಂಗ್ ಹೇಗೆ ಗಟ್ಟಿ ಮಾಡಿಕೊಳ್ಳಬೇಕು ಅನ್ನುವುದು ವಿಷಯ. ಉದಾಹರಣೆಗೆ ನಮ್ಮೂರಿನ ಮ್ಯಾರಿನರ್ಸ್ ತಂಡದ 2022ರ ಕಥೆ ತೆಗೆದುಕೊಂಡಿದ್ದೇನೆ. 2001ರ ನಂತರ ಈ ತಂಡ ಮತ್ತೆ ಪ್ಲೇಆಫ್ ಮುಖ ನೋಡಿದ್ದು ಆ ವರ್ಷವೇ ಮೊದಲು.

ಮೊದಲ ವಾಕ್ಯದಲ್ಲೇ ತೊಡಕಾಯಿತು. ‘ಪಿಚಿಂಗ್ ಗಟ್ಟಿ ಮಾಡಬೇಕು’ ಅಂತ ಬರೆದು ಊರಿನಲ್ಲಿರುವ ತಮ್ಮನಿಗೆ ಕಳಿಸಿದೆ. ರೋಲರ್ ಎಳೆದು ಅಂಕಣ ಗಟ್ಟಿ ಮಾಡುವ ಮಾತು ಅಂದುಕೊಂಡ. ಅವನದೇನೂ ತಪ್ಪಿಲ್ಲ. ಕ್ರಿಕೆಟ್ ನೋಡಿ ಬೆಳೆದ ನಮಗೆಲ್ಲ ಪಿಚ್ ಅಂದರೆ ನೆಲ. ಬೇಸ್‌ಬಾಲ್‌ನವರಿಗೆ ಪಿಚ್ ಅಂದರೆ ಎಸೆತ. ಹಾಗಾಗಿ ಪಿಚರ್‌ಗೆ ‘ಎಸೆತಗಾರ’ ಅಂತಲೇ ಇಟ್ಟುಕೊಂಡೆ. ಈ ಪದ ಬೌಲರ್‌ಗಿಂತ ಇವನಿಗೇ ಚೆನ್ನಾಗಿ ಒಪ್ಪುತ್ತದೆ. ಕ್ರಿಕೆಟ್‌ನಲ್ಲಿ ಮಡಿಸಿದ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ಬಿಚ್ಚಿಕೊಂಡರೆ ಆ ಎಸೆತ ನಿಯಮಕ್ಕೆ ಹೊರಗು. ಇಲ್ಲಿ ಮೊಣಕೈ ಮಡಿಸಿ ಬೀಸಿ ಎಸೆಯುವುದೇ ಆಟ. ಅವನು ನಿಂತು ಎಸೆಯುವ ಮಣ್ಣಿನ ಏರಿಗೆ ‘ದಿಣ್ಣೆ’ ಅಂದಿದ್ದೇನೆ. ಹತ್ತೇ ಅಂಗುಲ ಎತ್ತರ, ಆದರೆ ಆಟವೆಲ್ಲ ಶುರುವಾಗುವುದು ಅಲ್ಲಿಂದ. ಇವೆರಡರ ಬಗ್ಗೆ ನನಗೆ ಅನುಮಾನವಿಲ್ಲ.

ಕಷ್ಟ ಇರುವುದು ಬುಲ್‌ಪೆನ್ ಹತ್ತಿರ. ಆಟದ ನಡುವೆ ಇಳಿಯಬೇಕಾದ ಎಸೆತಗಾರರು ಕೂತು ಕಾಯುವ, ಕರೆ ಬಂದಾಗ ಎಸೆದು ಕೈ ಬಿಸಿ ಮಾಡಿಕೊಳ್ಳುವ ಜಾಗ ಅದು.

ಆ ವರ್ಷ ನಮ್ಮ ಮಾವ ಕುಂದಾಪುರದಿಂದ ಬಂದಿದ್ದರು. ಆಗಸ್ಟ್ 9ಕ್ಕೆ ಅವರನ್ನು ಆಟಕ್ಕೆ ಕರೆದುಕೊಂಡು ಹೋದೆ. ಎದುರಾಳಿ ನ್ಯೂಯಾರ್ಕ್ ಯಾಂಕೀಸ್. ಸಿನ್ಸಿನಾಟಿ ತಂಡಕ್ಕೆ ನಾಲ್ಕು ಜನ ಹುಡುಗರನ್ನು ಕೊಟ್ಟು ಜುಲೈ ಕೊನೆಯಲ್ಲಷ್ಟೇ ತಂದಿದ್ದ ಲೂಯಿಸ್ ಕಾಸ್ಟಿಯೊ ಅವತ್ತು ದಿಣ್ಣೆ ಮೇಲೆ. ಒಂಬತ್ತು ಇನಿಂಗ್ಸ್‌ನ ಆಟದಲ್ಲಿ ಎಂಟನ್ನು ಅವನೇ ಎಸೆದ. ಒಂದು ಓಟವನ್ನೂ ಬಿಟ್ಟುಕೊಡಲಿಲ್ಲ. ಒಂಬತ್ತನೆಯದಕ್ಕೆ ಬೇರೆಯವನು ಬಂದ. ಮಾವನಿಗೆ ತಡೆಯಲಾಗಲಿಲ್ಲ. ‘ಇಷ್ಟ್ ಲಾಯ್ಕ್ ಹಾಕ್ತಿದ್ದ, ಎಂತಕ್ ತೆಗ್ದ್ರು? ಇನ್ ಯಾವಾಗ ಬತ್ತ?’ ಅಂದರು.

ಇವತ್ತು ಇನ್ನು ಬರಲ್ಲ ಮಾವ, ಇಳಿದವನು ಆ ಆಟದಲ್ಲಿ ಮತ್ತೆ ದಿಣ್ಣೆ ಹತ್ತುವಂತಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಆಟ ಎಳೆಯಿತು. ಹತ್ತು, ಹನ್ನೊಂದು, ಹನ್ನೆರಡು ಇನಿಂಗ್ಸ್ ಆದರೂ ಎರಡೂ ಕಡೆ ಸೊನ್ನೆ. ಕಾಲು ಆಡಿಸೋಣ ಅಂತ ಎದ್ದು ಎಡಗಡೆ ಬೇಲಿಯಾಚೆಗಿನ ಬುಲ್‌ಪೆನ್ ಹತ್ತಿರ ಹೋದೆವು. ಅಲ್ಲಿ ಕಟಕಟೆಗೆ ಒರಗಿ ಒಳಗೆ ನೋಡಬಹುದು. ಇಬ್ಬರು ಬೆಂಚಿನ ಮೇಲೆ ಜಾಕೆಟ್ ಹೊದ್ದು ಕೂತಿದ್ದರು. ಗೋಡೆಗೆ ಒಂದು ಫೋನ್. ಅದು ಬಡಿಯಿತು, ಕೋಚ್ ಎತ್ತಿಕೊಂಡ, ಒಂದು ಬೆರಳು ತೋರಿಸಿದ. ಒಬ್ಬ ಜಾಕೆಟ್ ಬಿಚ್ಚಿ ಎದ್ದು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಎಸೆಯತೊಡಗಿದ. ಚೆಂಡು ಕೈಗವಸಿಗೆ ಬಿದ್ದ ಸದ್ದು ಎದೆಗೇ ತಾಕುವಂತಿತ್ತು. ಮಾವ ನೋಡಿ ನೋಡಿ, ‘ಇದ್ ಚೌಕಿ ಅಲ್ದಾ ಮಾರಾಯ್ರೆ!’ ಅಂದರು.

ಹದಿಮೂರನೆಯ ಇನಿಂಗ್ಸ್‌ನಲ್ಲಿ ನಾವು 1-0ಯಿಂದ ಗೆದ್ದೆವು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಆ ಮಾತು.

ಕರಾವಳಿಯ ಆಟ ನೋಡದವರಿಗೆ ಹೇಳುತ್ತೇನೆ. ಯಕ್ಷಗಾನದವರು ಬಣ್ಣ ಹಚ್ಚಿ, ವೇಷ ಕಟ್ಟಿ, ತಮ್ಮ ಸರದಿಗೆ ಕಾಯುವ ಜಾಗ ಚೌಕಿ. ರಾತ್ರಿಯಿಡೀ ನಡೆಯುವ ಆಟದಲ್ಲಿ ಮೊದಲು ಹಾಡುವವರು ಎಳೆಯ ಭಾಗವತರು. ಮುಖ್ಯ ಭಾಗವತರು ನಡುರಾತ್ರಿ ದಾಟಿದ ಮೇಲೆ ಕೂರುತ್ತಾರೆ. ತಡವಾಗಿ ಬರುವವರು ಕೀಳು ಅನ್ನುವ ಭಾವ ಅಲ್ಲಿ ಇಲ್ಲ. ಬುಲ್‌ಪೆನ್ನಿನವರ ಬಗ್ಗೆ ಕನ್ನಡದ ಓದುಗರಿಗೆ ನಾನು ಮುಟ್ಟಿಸಬೇಕಾದದ್ದೂ ಅದನ್ನೇ.

‘ಬದಲಿ’ ಅಂದರೆ ಅದು ಮುಟ್ಟುವುದಿಲ್ಲ. ಬದಲಿ ಆಟಗಾರ ಅಂದ ಕೂಡಲೇ ಹನ್ನೆರಡನೆಯವನು, ನೀರು ಹೊರುವವನು ಕಣ್ಣಿಗೆ ಬರುತ್ತಾನೆ. ಇಂಗ್ಲಿಷಿನಲ್ಲಿ ಇವರಿಗೆ ‘ರಿಲೀಫ್ ಪಿಚರ್’ ಅನ್ನುತ್ತಾರೆ. ಅದನ್ನು ಅನುವಾದದ ಯಂತ್ರಕ್ಕೆ ಕೊಟ್ಟರೆ ‘ಪರಿಹಾರ ಪಿಚರ್’ ಅಂತ ಬಂತು, ನೆರೆ ಪರಿಹಾರದ ಹಾಗೆ. ಕೊನೆಯ ಇನಿಂಗ್ಸ್ ಎಸೆಯುವ ಕ್ಲೋಸರ್‌ಗೆ ‘ಮುಗಿಸುವವನು’ ಅನ್ನೋಣ ಅಂದರೆ ಕೊಲೆ ಮಾಡುವವನ ಹಾಗೆ ಕೇಳುತ್ತದೆ. ಅವನನ್ನು ಸದ್ಯಕ್ಕೆ ಕ್ಲೋಸರ್ ಅಂತಲೇ ಬಿಟ್ಟಿದ್ದೇನೆ.

ಈ ಪದಕ್ಕೆ ಯಾಕೆ ಇಷ್ಟು ಹಟ ಅಂದರೆ, ನನ್ನ ಬರಹದ ವಾದವೇ ಇದರ ಮೇಲೆ ನಿಂತಿದೆ. ಮಾಮೂಲಿ ದಿನಗಳಲ್ಲಿ 162 ಆಟ, ಹೆಚ್ಚುಕಮ್ಮಿ ದಿನಾ ಒಂದು. ಅದಕ್ಕೆ ಆಟ ಶುರು ಮಾಡುವ ಎಸೆತಗಾರರು ಐದು ಜನ ಬೇಕು. ಒಬ್ಬೊಬ್ಬರದು ಐದು ದಿನಕ್ಕೊಂದು ಸಲ. ಇದಕ್ಕೆ ‘ಪಾಳಿ’ ಅಂದರೆ ಸಾಕು, ಕಾರ್ಖಾನೆಯವರಿಗೂ ದೇವಸ್ಥಾನದವರಿಗೂ ಗೊತ್ತಿರುವ ಮಾತು. ಪ್ಲೇಆಫ್‌ನಲ್ಲಿ ನಡುನಡುವೆ ಬಿಡುವಿನ ದಿನ ಬರುತ್ತದೆ. ಆಗ ಪಾಳಿಗೆ ನಾಲ್ಕು ಜನ ಸಾಕು, ಕೆಲವೊಮ್ಮೆ ಮೂವರೇ ಸಾಕು. ಆದರೆ ಎದುರಿನವರು ಎರಡು ಸಲ ಬ್ಯಾಟ್ ಹಿಡಿದು ಎಸೆತ ಅಳೆದುಕೊಂಡ ಕೂಡಲೇ ಹೊಸ ಕೈ ಬೇಕಾಗುತ್ತದೆ. ಹಾಗಾಗಿ ಪಾಳಿಗೆ ಐದನೆಯವನನ್ನು ಕೊಳ್ಳುವುದು ದಂಡ ಅಂತ ನನ್ನ ಅಭಿಪ್ರಾಯ. ಒಬ್ಬ ನಿಜವಾದ ಎಕ್ಕ ಬೇಕು. ಪಾಳಿಯ ಅತ್ಯುತ್ತಮ ಎಸೆತಗಾರನಿಗೆ ಇಂಗ್ಲಿಷಿನಲ್ಲಿ ‘ಏಸ್’ ಅನ್ನುವುದರಿಂದ ಇಸ್ಪೀಟಿನ ಎಕ್ಕ ಇಲ್ಲಿ ಸುಲಭವಾಗಿ ಕೂತಿತು. ಅವನ ಹಿಂದೆ ಚೌಕಿಯಲ್ಲಿ ಇಬ್ಬರು ಮೂವರು ಪಳಗಿದವರು ಬೇಕು. ‘ಬೌಲಿಂಗ್ ಬಲಪಡಿಸಬೇಕು’ ಅಂತ ಬರೆದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ, ಅಲ್ವಾ?

ಮ್ಯಾರಿನರ್ಸ್‌ಗೆ ಎಕ್ಕ ಸಿಕ್ಕಿದ್ದ. ಅಕ್ಟೋಬರ್ 7ಕ್ಕೆ ಟೊರಾಂಟೊದಲ್ಲಿ ಕಾಸ್ಟಿಯೊ ಎಂಟನೆಯ ಇನಿಂಗ್ಸ್‌ವರೆಗೂ ಒಂದು ಓಟ ಕೊಡಲಿಲ್ಲ. ಮಾರನೆಯ ದಿನ ಪಾಳಿಯ ಹುಡುಗ ಜಾರ್ಜ್ ಕರ್ಬಿಯನ್ನು ಕೊನೆಯ ಇನಿಂಗ್ಸ್‌ಗೆ ಚೌಕಿಯಿಂದ ಕರೆದರು, ಆಟ ಉಳಿಸಿಕೊಟ್ಟ. ಮೂರು ದಿನ ಬಿಟ್ಟು ಹ್ಯೂಸ್ಟನ್‌ನಲ್ಲಿ ಮತ್ತೆ ಅದೇ ಉಪಾಯ. 7-5ರಿಂದ ಮುಂದೆ, ಒಂಬತ್ತನೆಯ ಇನಿಂಗ್ಸ್, ಇಬ್ಬರು ಔಟ್, ಬೇಸ್ ಮೇಲೆ ಇಬ್ಬರು. ಪಾಳಿಯ ರಾಬಿ ರೇಯನ್ನು ಕರೆದರು. ಹಿಂದಿನ ವರ್ಷ, ಅತ್ಯುತ್ತಮ ಎಸೆತಗಾರನಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವನು. ಯೋರ್ಡಾನ್ ಆಲ್ವರೆಜ್ ಅವನ ಎಸೆತವನ್ನು ಬಲಗಡೆ ಜನರ ನಡುವೆ ಎತ್ತಿ ಹಾಕಿದ. ಬೇಸ್ ಮೇಲಿದ್ದ ಇಬ್ಬರೂ ಅವನೂ ಸೇರಿ ಮೂರು ಓಟ. 8-7, ಆಟ ಹೋಯಿತು. ಅವತ್ತು ಮನೆಯಲ್ಲಿ ಯಾರೂ ಟಿವಿ ಆರಿಸಲು ಏಳಲಿಲ್ಲ. ನಡುವೆ ಎದ್ದು ಬಂದು ಎಸೆಯುವುದು ಬೇರೆಯೇ ಕಸುಬು ಅಂತ ನನಗೆ ಅವತ್ತು ಗೊತ್ತಾಯಿತು. ಆ ಕಸುಬಿಗೆ ಕನ್ನಡದಲ್ಲಿ ಹೆಸರಿಲ್ಲದೆ ನಾನು ಇದನ್ನು ಹೇಗೆ ಬರೆಯಲಿ?

ಇನ್ನೊಂದು ಸಣ್ಣ ತೊಡಕಿದೆ. ಋತು ಮುಗಿಯುತ್ತಲೇ ಒಪ್ಪಂದ ತೀರುವ ಆಟಗಾರನನ್ನು ಇಲ್ಲಿ ‘ರೆಂಟಲ್’ ಅನ್ನುತ್ತಾರೆ. ‘ಬಾಡಿಗೆ’ ಅಂದರೆ ನಮ್ಮಲ್ಲಿ ಬಾಡಿಗೆ ಬಂಟನ ವಾಸನೆ. ‘ಎರವಲು’ ಅಂದಿದ್ದೇನೆ. 2016ರಲ್ಲಿ ಶಿಕಾಗೊ ಕಬ್ಸ್‌ಗೆ ಆರೋಲ್ಡಿಸ್ ಚಾಪ್ಮನ್ ಹಾಗೆ ಯಾಂಕೀಸ್‌ನಿಂದ ಬಂದ, 1908ರ ನಂತರದ ಮೊದಲ ಕಪ್ ಗೆಲ್ಲಲು ನೆರವಾದ, ಡಿಸೆಂಬರ್‌ನಲ್ಲಿ ಯಾಂಕೀಸ್‌ಗೇ ವಾಪಸ್ ಹೋದ. ಎರವಲಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಎರವಲಿನವನಿಗಾಗಿ ಕೊಟ್ಟುಬಿಡುವ ಎಳೆಯ ಹುಡುಗರಿಗೆ ‘ಬಿತ್ತನೆ ಕಾಳು’ ಅನ್ನಲೇ ಅಂತ ಯೋಚಿಸುತ್ತಿದ್ದೇನೆ. ಅವರು ಬೆಳೆಯುವ ಕೆಳಹಂತದ ತಂಡಗಳಿಗೆ ಇಲ್ಲಿಯೂ ‘ಫಾರ್ಮ್’ ಅಂತಲೇ ಹೆಸರು.

ಈಗ ನನ್ನ ಪ್ರಶ್ನೆ, ಮುಖ್ಯವಾಗಿ ಕರಾವಳಿ, ಮಲೆನಾಡಿನವರಿಗೆ. ಬುಲ್‌ಪೆನ್ ಅಂದರೆ ಇಂಗ್ಲಿಷಿನಲ್ಲಿ ಜಾಗವೂ ಹೌದು, ಅಲ್ಲಿ ಕೂತ ಜನವೂ ಹೌದು. ‘ಅವರ ಬುಲ್‌ಪೆನ್ ಗಟ್ಟಿ’ ಅಂದರೆ ಅಲ್ಲಿನ ಎಸೆತಗಾರರು ಗಟ್ಟಿ ಅಂತ. ಗರಡಿ ಅನ್ನೋಣ ಅಂದರೆ ಅದು ಕಲಿಯುವ ಜಾಗ, ಕಾಯುವ ಜಾಗವಲ್ಲ. ಚೌಕಿಯನ್ನು ಹಾಗೆ ಜನರ ಬಗ್ಗೆ ಬಳಸಿದ್ದನ್ನು ಕೇಳಿದ್ದೀರಾ? ‘ಈ ವರ್ಷ ಆ ಮೇಳದ ಚೌಕಿ ಗಟ್ಟಿ ಇದೆ’ ಅಂತ ಯಾರಾದರೂ ಅನ್ನುತ್ತಾರಾ? ಮಾವನನ್ನು ಫೋನಿನಲ್ಲಿ ಕೇಳಿದೆ. ‘ಮೇಳ ಗಟ್ಟಿ ಅಂತ್ರ್, ಚೌಕಿ ಅಂದದ್ ಕೇಣ್ಲಿಲ್ಲ’ ಅಂದರು. ಬಯಲುಸೀಮೆಯ ಕಡೆ, ದೊಡ್ಡಾಟ, ಸಣ್ಣಾಟದವರ ನಡುವೆ ಬೇರೆ ಪದ ಇದ್ದರೆ ಅದನ್ನೂ ತಿಳಿಸಿ. ಇಲ್ಲದಿದ್ದರೆ ಜಾಗಕ್ಕೆ ಚೌಕಿ, ಜನಕ್ಕೆ ‘ಚೌಕಿಯವರು’ ಅಂತ ಬರೆದು ಸಂಚಿಕೆಗೆ ಕಳಿಸುತ್ತೇನೆ.