ಆಸ್ಟ್ರಿಯಾ ಆಡುವಾಗ ಮಿತ್ರಕೂಟ ಕಟ್ಟೋದು ಹೇಗೆ?

ಪ್ರಶ್ನೆ: ಏಳು ಜನ ಸೇರಿ ನೆಪೋಲಿಯನ್ ಕಾಲದ ಯುದ್ಧಗಳ ಬೋರ್ಡ್ ಆಟ ‘ಎಂಪೈರ್ಸ್ ಇನ್ ಆರ್ಮ್ಸ್’ ಶುರು ಮಾಡಿದ್ದೀವಿ, 1805ರಿಂದ. ನನ್ನದು ಆಸ್ಟ್ರಿಯಾ. ಫ್ರಾನ್ಸ್ ಆಡೋ ಗೆಳೆಯ ಹ್ಯಾನೋವರ್ ಅನ್ನೋ ಜರ್ಮನ್ ಪ್ರಾಂತ್ಯದ ಆಸೆ ತೋರಿಸಿ ಪ್ರಷ್ಯಾನ ಸುಮ್ಮನಿರಿಸಿದ್ದಾನೆ. ಬ್ರಿಟನ್ ದುಡ್ಡು ಕೊಡ್ತೀನಿ ಅಂತಿದೆ, ರಷ್ಯಾ ‘ಬಂದೆ, ಬಂದೆ’ ಅಂತಿದೆ. ಈಗಲೇ ಯುದ್ಧ ಸಾರಲಾ?

ಉತ್ತರ 1: ಖಂಡಿತ ಬೇಡ. ರಷ್ಯಾದ ದಂಡು ನಿಮ್ಮ ಗಡಿಯೊಳಗೆ ಕಾಲಿಡಲಿ. ನಿಜವಾದ 1805ರಲ್ಲಿ ಆಸ್ಟ್ರಿಯಾದ ಸೇನಾಪತಿ ಮ್ಯಾಕ್, ರಷ್ಯಾದ ಸೇನಾಪತಿ ಕುಟುಜೋವ್‌ಗೆ ಕಾಯದೆ ಬವೇರಿಯಾಕ್ಕೆ ನುಗ್ಗಿ ಉಲ್ಮ್‌ನಲ್ಲಿ ನೆಪೋಲಿಯನ್‌ಗೆ ಸಿಕ್ಕಿಬಿದ್ದ. ಪ್ರಷ್ಯಾದವರಿಗೂ 1806 ನೆನಪಿಸಿ: ರಷ್ಯಾ ಬರೋ ಮುಂಚೆಯೇ ಯೇನಾ, ಔವರ್‌ಸ್ಟೆಟ್‌ನಲ್ಲಿ ಒಂದೇ ದಿನ ಅವರ ಸೈನ್ಯ ನುಚ್ಚುನೂರಾಯ್ತು.

ಉತ್ತರ 2: ಕಾಯೋದು ಸರಿ, ಆದ್ರೆ ಕಾದಮೇಲೆ ಹೇಗೆ ಹೊಡೀತೀರಿ ಅನ್ನೋದೇ ಮುಖ್ಯ. ನೆಪೋಲಿಯನ್ ವಿರುದ್ಧ ಮಿತ್ರಕೂಟ ಹಾಕಿದ 1813ರ ಟ್ರಾಕೆನ್‌ಬರ್ಗ್ ಯೋಜನೆ ನನಗೆ ತುಂಬಾ ಇಷ್ಟ. ನೆಪೋಲಿಯನ್ ಖುದ್ದಾಗಿ ಬಂದರೆ ಹಿಂದೆ ಸರಿ, ಅವನ ಮಾರ್ಷಲ್ (ಹಿರಿಯ ಸೇನಾಪತಿ) ಸಿಕ್ಕಿದರೆ ಹೊಡಿ. ಗ್ರೋಸ್‌ಬೇರೆನ್, ಕಾಟ್ಸ್‌ಬಾಖ್, ಡೆನೆವಿಟ್ಸ್, ಮೂರೂ ಕಡೆ ಮಾರ್ಷಲ್‌ಗಳೇ ಸೋತಿದ್ದು. ಆಮೇಲೆ ಅಕ್ಟೋಬರ್‌ನಲ್ಲಿ ಲೈಪ್ಜಿಗ್‌ನಲ್ಲಿ ಎಲ್ಲರೂ ಸೇರಿ ನೆಪೋಲಿಯನ್‌ನನ್ನೇ ಸೋಲಿಸಿದರು. ಮೇಜಿನ ಮೇಲೂ ಅಷ್ಟೇ: ನೆಪೋಲಿಯನ್ ಒಂದೇ ಕಡೆ ಇರಬಲ್ಲ, ನೀವು ಮೂರು ಕಡೆ ಇರಿ.

ಇನ್ನೊಂದು ಮಾತು, ಬ್ರಿಟನ್ ದುಡ್ಡಿಗೆ ಷರತ್ತು ಹಾಕಿಸಿ. 1814ರ ಶೋಮೋಂ ಒಪ್ಪಂದದಲ್ಲಿ ಬ್ರಿಟನ್, ಆಸ್ಟ್ರಿಯಾ, ರಷ್ಯಾ, ಪ್ರಷ್ಯಾ ನಾಲ್ಕೂ ದೇಶ ತಲಾ 1,50,000 ಸೈನಿಕರನ್ನು ಕೊಡಬೇಕಿತ್ತು, ಯಾರೂ ಒಬ್ಬೊಬ್ಬರೇ ಸಂಧಿ ಮಾಡಿಕೊಳ್ಳೋ ಹಾಗಿರಲಿಲ್ಲ. ಆ ಎರಡನೇ ಷರತ್ತು ಮೊದಲು ಬರೆಸಿಕೊಳ್ಳಿ.

ಪ್ರಶ್ನೆ ಕೇಳಿದವರು: ಒಪ್ಪಿದೆ. ಇವತ್ತೇ ಪ್ರಷ್ಯಾ ಆಡೋವ್ರಿಗೆ ಫೋನ್ ಮಾಡ್ತೀನಿ. ಹ್ಯಾನೋವರ್ ಬದಲು ಸ್ಯಾಕ್ಸನಿ ಕೊಡೋ ಮಾತಾಡಬಹುದಾ?

ಉತ್ತರ 2: ಆಡಿ, ಆದ್ರೆ ರಷ್ಯಾಗೆ ಮೊದಲೇ ತಿಳಿಸಿ.