ಸಹಾಯ ಬೇಕು: ‘ಗ್ಲ’ದಿಂದ ಆರಂಭವಾಗುವ ಇಂಗ್ಲಿಷ್ ಪದಗಳ ಅರ್ಥ

ಎಲ್ಲರಿಗೂ ನಮಸ್ಕಾರ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಮನೆಪಾಠ ಹೇಳುವಾಗ ಗ್ಲೋ, ಗ್ಲೀಮ್, ಗ್ಲಿಟರ್, ಗ್ಲಿಸನ್ ಎಂಬ ಪದಗಳು ಒಟ್ಟಿಗೆ ಬಂದವು; ನಿಘಂಟಿನಲ್ಲಿ ಎಲ್ಲಕ್ಕೂ ಹೊಳೆಯುವ, ಮಿನುಗುವ ಅರ್ಥವೇ ಇರುವುದನ್ನು ಕಂಡ ಹುಡುಗಿಯೊಬ್ಬಳು, ಜಿ ಮತ್ತು ಎಲ್ ಅಕ್ಷರಗಳಿಗೇ ಬೆಳಕಿನ ಅರ್ಥವಿದೆಯೇ ಎಂದು ಕೇಳಿದಳು. ಹೌದೆನ್ನಲು ಹೊರಟ ನನಗೆ ಗ್ಲವ್, ಗ್ಲೂ ಅಡ್ಡ ಬಂದವು. ಕೈಗವಸಿಗೂ ಅಂಟಿಗೂ ಹೊಳಪಿನೊಡನೆ ಏನು ಸಂಬಂಧ?

ಪದಮೂಲ ಹುಡುಕಿದಾಗ ಗೊಂದಲ ಇನ್ನೂ ಹೆಚ್ಚಿತು. ಸಂತೋಷವನ್ನು ಹೇಳುವ ‘ಗ್ಲ್ಯಾಡ್’ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಹೊಳೆಯುವ’ ಎಂಬ ಅರ್ಥವೂ ಇತ್ತು. ‘ಗ್ಲೂ’ ಮಾತ್ರ ಫ್ರೆಂಚಿನಿಂದ ಬಂದದ್ದು. ಹೀಗೆ ಅರ್ಥವನ್ನು ಸೂಚಿಸುವ ಧ್ವನಿಗುಚ್ಛಕ್ಕೆ ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1930ರಲ್ಲಿ ‘ಫೋನೆಸ್ಥೀಮ್’ ಎಂದು ಹೆಸರಿಟ್ಟರು ಎಂಬಲ್ಲಿಗೆ ನನ್ನ ಹುಡುಕಾಟ ನಿಂತಿದೆ. (ನಮ್ಮ ಮಿಂಚು, ಮಿನುಗು, ಮಿರುಗುಗಳೂ ಹೀಗೆಯೇ ಕಾಣುತ್ತವೆ, ಆದರೆ ಮಿಡತೆ ಹೊಳೆಯುವುದಿಲ್ಲವಲ್ಲ!)

ತಿಳಿದವರು ದಯವಿಟ್ಟು ಹೇಳಿ: ಗ್ಲೋ, ಗ್ಲಿಟರ್ ಮುಂತಾದವುಗಳ ಹೋಲಿಕೆ ಒಂದೇ ಧಾತುವಿನಿಂದ ಬಂದದ್ದೋ, ಧ್ವನಿಸಾಮ್ಯದಿಂದ ಕಾಲಕ್ರಮೇಣ ಗುಂಪುಗೂಡಿದ್ದೋ? ಅಪರಿಚಿತ ಪದದ ಅರ್ಥವನ್ನು ಮೊದಲ ಎರಡಕ್ಷರಗಳಿಂದ ಊಹಿಸುವಂತೆ ಮಕ್ಕಳಿಗೆ ಹೇಳಿಕೊಡಬಹುದೇ, ಬಾರದೇ?